ಉಪ್ಪಿನ ಡಬ್ಬಿ ಹಿಡಿದ ಡಾಕ್ಟರು

ಒಂದು ಉಪ್ಪಿನ ಡಬ್ಬಿಯ ಕಥೆ ಹೇಳ್ತೀನಿ, ಕೇಳಿ.

1966ನೇ ಇಸವಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಟಿವಿ ಧಾರಾವಾಹಿ ತಯಾರಾಗ್ತಾ ಇತ್ತು. ಕಥೆ ನಡೆಯೋದು ಮುನ್ನೂರು ವರ್ಷ ಆದಮೇಲೆ, ಬಾಹ್ಯಾಕಾಶದಲ್ಲಿ. ಒಂದು ಕಂತಿನಲ್ಲಿ ಮನುಷ್ಯರ ಮೈಯಿಂದ ಉಪ್ಪನ್ನೆಲ್ಲ ಹೀರಿ ಕೊಲ್ಲುವ ಪ್ರಾಣಿ ಬರುತ್ತೆ. ಹಾಗಾಗಿ ಒಂದು ಉಪ್ಪಿನ ಡಬ್ಬಿ ಬೇಕಾಯ್ತು. ಮುನ್ನೂರು ವರ್ಷ ಆಚೆಯ ಉಪ್ಪಿನ ಡಬ್ಬಿ ಹೇಗಿರುತ್ತೆ? ಸಾಮಾನು ತರುವವರು ಅಂಗಡಿ ಸುತ್ತಿ ಚಿತ್ರವಿಚಿತ್ರ ಆಕಾರದ ಡಬ್ಬಿಗಳನ್ನ ತಂದ್ರು. ತಂದಮೇಲೆ ಗೊತ್ತಾಯ್ತು, ಅವು ಎಷ್ಟು ವಿಚಿತ್ರವಾಗಿದ್ದವು ಅಂದ್ರೆ ನೋಡುವವರಿಗೆ ಅದು ಉಪ್ಪಿನ ಡಬ್ಬಿ ಅಂತಲೇ ತಿಳಿಯೋದಿಲ್ಲ. ಕೊನೆಗೆ ಕಥೆಗೆ ಮಾಮೂಲಿ ಹೋಟೆಲ್ ಮೇಜಿನ ಡಬ್ಬಿಯನ್ನೇ ಇಟ್ಟರು. ಮತ್ತೆ ಆ ವಿಚಿತ್ರ ಡಬ್ಬಿಗಳು? ದುಡ್ಡು ಕೊಟ್ಟು ತಂದಿದ್ದಾರೆ, ಬಿಸಾಡೋಕಾಗುತ್ತಾ? ಹಡಗಿನ ಡಾಕ್ಟರ ಕೈಗೆ ಕೊಟ್ಟುಬಿಟ್ಟರು. ಅಲ್ಲಿಂದ ಮುಂದೆ ಡಾಕ್ಟರ್ ಮೆಕಾಯ್ ರೋಗಿಯ ಎದೆಯ ಮೇಲೆ ಅದನ್ನ ಅತ್ತಿತ್ತ ಆಡಿಸಿ ಗಂಭೀರವಾಗಿ ಹುಬ್ಬು ಗಂಟಿಕ್ಕಿದರೆ ಪ್ರಪಂಚಾನೇ ನಂಬಿತು. ಇಪ್ಪತ್ಮೂರನೇ ಶತಮಾನದ ವೈದ್ಯಕೀಯ ಉಪಕರಣ!

ಧಾರಾವಾಹಿಯ ಹೆಸರು ಸ್ಟಾರ್ ಟ್ರೆಕ್. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಮೊದಲ ಪ್ರಸಾರ. ಉಪ್ಪು ಹೀರುವ ಪ್ರಾಣಿಯ ಆ ಕಂತೇ ಅವತ್ತು ಮೊದಲು ಬಂದಿದ್ದು. ಮೂರು ಸೀಸನ್, 79 ಕಂತು, ಅಷ್ಟೇ. ಇವತ್ತು ಸ್ಟಾರ್ ಟ್ರೆಕ್ ಅಂದ್ರೆ ಸಿನಿಮಾ, ಹೊಸ ಹೊಸ ಸರಣಿ, ಕೋಟಿಗಟ್ಟಲೆ ಖರ್ಚಿನ ಗ್ರಾಫಿಕ್ಸು. ನಾನು ಹೇಳ್ತಾ ಇರೋದು ಅದನ್ನಲ್ಲ. ಪ್ಲಾಸ್ಟರ್ ಬಂಡೆಗಳ, ಬಣ್ಣದ ಲೈಟುಗಳ, ರಬ್ಬರ್ ರಾಕ್ಷಸರ ಆ ಹಳೇ ಸ್ಟಾರ್ ಟ್ರೆಕ್. ನೋಡಿ ನಗಬಹುದು. ನಾವೂ ನಗ್ತಿದ್ವಿ. ಆದ್ರೂ ಅರವತ್ತು ವರ್ಷದ ಹಿಂದಿನ ಆ ಬಡ ಧಾರಾವಾಹಿ ಇನ್ನೂ ಯಾಕೆ ಉಳಿದಿದೆ ಅನ್ನೋದನ್ನ ಟಿವಿಯಲ್ಲೇ ಅನ್ನ ತಿನ್ನುವ ನನ್ನಂಥವನು ಸ್ವಲ್ಪ ಯೋಚನೆ ಮಾಡಲೇಬೇಕು.

ಬಡತನ ಅಂದ್ನಲ್ಲ, ಅದರ ಲೆಕ್ಕ ನೋಡಿ. ಹಡಗಿನ ಹೆಸರು ಎಂಟರ್‌ಪ್ರೈಸ್. ಪ್ರತೀ ವಾರ ಹೊಸ ಗ್ರಹ. ಅಷ್ಟು ದೊಡ್ಡ ಹಡಗನ್ನ ಪ್ರತೀ ವಾರ ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸೋಕೆ ಹೋದ್ರೆ ನಿರ್ಮಾಪಕರು ಮನೆಮಠ ಮಾರಬೇಕಾಗಿತ್ತು. ಹಾಗಾಗಿ ಒಂದು ಉಪಾಯ ಮಾಡಿದ್ರು. ಹಡಗು ಇಳಿಯೋದೇ ಬೇಡ. ಮನುಷ್ಯರು ಒಂದು ವೇದಿಕೆ ಮೇಲೆ ನಿಲ್ಲಲಿ, ಮಿಣಮಿಣ ಮಿಂಚಿ ಮಾಯವಾಗಲಿ, ಕೆಳಗೆ ಗ್ರಹದಲ್ಲಿ ಪ್ರತ್ಯಕ್ಷ ಆಗಲಿ. ಆ ಮಿಣಮಿಣ ಏನು ಗೊತ್ತಾ? ಅಲ್ಯೂಮಿನಿಯಂ ಪುಡಿ! ಕಪ್ಪು ಹಿನ್ನೆಲೆಯ ಮುಂದೆ ಪುಡಿ ಉದುರಿಸಿ, ಲೈಟು ಬಿಟ್ಟು ಚಿತ್ರೀಕರಿಸಿ, ನಟರ ಆಕಾರದ ಮೇಲೆ ಕೂರಿಸಿದ್ರು. ಹಣ ಇಲ್ಲದ್ದಕ್ಕೆ ಹುಟ್ಟಿದ ಈ ಉಪಾಯ ಮುಂದೆ ಇಡೀ ಧಾರಾವಾಹಿಯ ಗುರುತೇ ಆಗಿಹೋಯ್ತು.

ಬಾಗಿಲು ಇನ್ನೂ ಮಜಾ. ಯಾರಾದರೂ ಹತ್ತಿರ ಬಂದ್ರೆ ಸಾಕು, ಹಡಗಿನ ಬಾಗಿಲು ಸುಂಯ್ ಅಂತ ತಾನೇ ತೆರೆಯುತ್ತೆ. ಇದನ್ನ ನೋಡಿ ನಿಜವಾದ ಎಂಜಿನಿಯರುಗಳು ನಿರ್ಮಾಪಕರಿಗೆ ಪತ್ರ ಬರೆದು ಇದರ ತಂತ್ರಜ್ಞಾನ ಏನು ಅಂತ ಕೇಳಿದ್ರಂತೆ. ತಂತ್ರಜ್ಞಾನ ಇಷ್ಟೇ: ಗೋಡೆ ಹಿಂದೆ ಕೂತ ಕೆಲಸಗಾರರು ಸರಿಯಾದ ಹೊತ್ತಿಗೆ ಬಾಗಿಲು ಎಳೆಯೋರು. ಅವರು ಒಂದು ಕ್ಷಣ ತಡ ಮಾಡಿದ್ರೆ ಕ್ಯಾಪ್ಟನ್ ಮೂಗು ಬಾಗಿಲಿಗೆ. ಅಂಥ ತುಣುಕುಗಳು ಈಗಲೂ ನೋಡೋಕೆ ಸಿಗುತ್ತವೆ. ಶತ್ರುಗಳ ದಾಳಿಗೆ ಹಡಗು ಅಲುಗಾಡಬೇಕಾ? ಕ್ಯಾಮೆರಾ ವಾಲಿಸೋದು, ಎಲ್ಲ ನಟರೂ ಒಟ್ಟಿಗೆ ಬಲಕ್ಕೆ ಬೀಳೋದು, ಆಮೇಲೆ ಒಟ್ಟಿಗೆ ಎಡಕ್ಕೆ ಬೀಳೋದು. ಬೆಳಕಿಗಿಂತ ವೇಗವಾಗಿ ಹೋಗುವ ಹಡಗು ಕಟ್ಟಿದವರಿಗೆ ಒಂದು ಸೀಟ್ ಬೆಲ್ಟ್ ಹಾಕಿಸಬೇಕು ಅಂತ ಹೊಳೆಯಲಿಲ್ಲ ನೋಡಿ.

ನಮಗೆ ಇದೆಲ್ಲ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರ ಬೆಳಿಗ್ಗೆ. ಆಗ ಇದ್ದಿದ್ದೇ ಒಂದು ಚಾನೆಲ್. ಅದು ಏನು ಕೊಡುತ್ತೋ ಅದೇ ಪ್ರಸಾದ. ಬೀದಿಗೊಂದೋ ಎರಡೋ ಟಿವಿ. ಟಿವಿ ಇದ್ದ ಮನೆಯ ಹಜಾರದಲ್ಲಿ ಚಾಪೆ ಹಾಸೋರು, ನಾವು ಮಕ್ಕಳೆಲ್ಲ ಎಣ್ಣೆ ಸ್ನಾನದ ತಲೆಯಲ್ಲೇ ಹೋಗಿ ಮುಂದಿನ ಸಾಲು ಹಿಡಿಯೋರು. ಮಾತೆಲ್ಲ ಇಂಗ್ಲಿಷ್. ಅದೂ ಅಮೆರಿಕದ ಇಂಗ್ಲಿಷ್. ಹತ್ತರಲ್ಲಿ ಒಂದು ಮಾತೂ ತಿಳೀತಾ ಇರಲಿಲ್ಲ. ತಿಳಿಯದೇ ಇದ್ದಿದ್ದಕ್ಕೆ ಒಂದು ಲಾಭವೂ ಇತ್ತು, ಪ್ರತಿಯೊಬ್ಬರೂ ತಮಗೆ ಬೇಕಾದ ಕಥೆ ನೋಡ್ತಾ ಇದ್ವಿ. ನಮ್ಮಜ್ಜಿಗಂತೂ ಮಿಣಮಿಣ ಮಾಯ ಆಗೋದು ಸ್ವಲ್ಪವೂ ಆಶ್ಚರ್ಯ ತರಲಿಲ್ಲ. ನಾರದರು ಮೂರು ಲೋಕ ಓಡಾಡೋದು ಹಾಗೇ ತಾನೆ? ಅವರಿಗೆ ಅರ್ಥವಾಗದೇ ಇದ್ದದ್ದು ಒಂದೇ: ಅಷ್ಟು ದೊಡ್ಡ ಹಡಗಿನಲ್ಲಿ ಅಡುಗೆಮನೆ ಯಾಕೆ ಕಾಣಿಸ್ತಿಲ್ಲ!

ಇನ್ನೊಂದು ವಿಷಯ. ನಾವು ನೋಡ್ತಾ ಇದ್ದಿದ್ದು ಕಪ್ಪು ಬಿಳುಪು ಟಿವಿಯಲ್ಲಿ. ಸ್ಟಾರ್ ಟ್ರೆಕ್ ಬಗ್ಗೆ ಜಗತ್ಪ್ರಸಿದ್ಧ ತಮಾಷೆ ಒಂದಿದೆ. ಕೆಂಪು ಅಂಗಿ ಹಾಕಿದ ಹೊಸ ಮುಖ ಯಾವುದಾದರೂ ಕ್ಯಾಪ್ಟನ್ ಜೊತೆ ಗ್ರಹಕ್ಕೆ ಇಳಿದರೆ, ಅವನು ಕಂತು ಮುಗಿಯೋದರೊಳಗೆ ಸತ್ತ ಅಂತ ಲೆಕ್ಕ. ನಮಗೆ ಎಲ್ಲರ ಅಂಗಿಯೂ ಬೂದಿ ಬಣ್ಣ! ಯಾರು ಸಾಯ್ತಾರೆ ಅಂತ ಮೊದಲೇ ಗೊತ್ತಾಗದೇ ಇದ್ದ ಪ್ರೇಕ್ಷಕರು ನಾವು. ಬಣ್ಣದಲ್ಲಿ ಮೊದಲ ಸಲ ನೋಡಿದಾಗ ಕಣ್ಣು ಕೋರೈಸಿಹೋಯ್ತು. ಹಳದಿ, ನೀಲಿ, ಕೆಂಪು, ನೇರಳೆ ಆಕಾಶ, ಹಸಿರು ಹೆಂಗಸರು. ಅದಕ್ಕೂ ಕಾರಣ ಇದೆ. ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದ್ದು, ಆರ್‌ಸಿಎ ಮಾರ್ತಾ ಇದ್ದಿದ್ದು ಕಲರ್ ಟಿವಿ. ಧಾರಾವಾಹಿ ಎಷ್ಟು ಬಣ್ಣಬಣ್ಣವಾಗಿದ್ದರೆ ಅಷ್ಟು ಟಿವಿ ಖರ್ಚಾಗುತ್ತೆ.

ಪ್ಲಾಸ್ಟರ್ ಬಂಡೆ ನೋಡಿ ಯಾಕೆ ನಂಬ್ತಾ ಇದ್ರಿ ಅಂತ ಈಗಿನ ಹುಡುಗರು ಕೇಳ್ತಾರೆ. ನಂಬೋಕೆ ನಮಗೆ ಬಂಡೆ ಬೇಕಾಗಿರಲಿಲ್ಲ ಅನ್ನೋದೇ ಉತ್ತರ. ಯಕ್ಷಗಾನ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಒಂದು ಮರದ ಪೀಠ. ಅದರ ಮೇಲೆ ಕೂತರೆ ಸಿಂಹಾಸನ, ಹತ್ತಿ ನಿಂತರೆ ರಥ. ಇಬ್ಬರು ಒಂದು ಬಟ್ಟೆ ಹಿಡಿದು ನಿಂತರೆ ಅದು ತೆರೆ. ವೇಷಧಾರಿ ರಂಗದಲ್ಲಿ ಎರಡು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಾಯ್ತು. ಮಿಕ್ಕಿದ್ದೆಲ್ಲ ಭಾಗವತರ ಹಾಡು, ಅರ್ಥಧಾರಿಯ ಮಾತು. ಕರ್ಣ ಮತ್ತು ಕೃಷ್ಣ ವಾದಕ್ಕೆ ನಿಂತಾಗ ಯಾರಾದರೂ ಪೀಠದ ಬಣ್ಣ ನೋಡ್ತಾರಾ? ಸ್ಟಾರ್ ಟ್ರೆಕ್ ನಿಂತಿದ್ದೂ ಅದೇ ನೆಲದ ಮೇಲೆ. ಸೆಟ್ ಮೇಲೆ ಸುರಿಯೋಕೆ ದುಡ್ಡಿರಲಿಲ್ಲ, ಹಾಗಾಗಿ ಮಾತಿನ ಮೇಲೆ ನಿಲ್ಲಬೇಕಾಯ್ತು.

ಅದು ನನಗೆ ಸರಿಯಾಗಿ ಅರ್ಥವಾಗಿದ್ದು ದೊಡ್ಡವನಾದ ಮೇಲೆ ಆ ಹಲ್ಲಿಯ ಕಂತನ್ನ ಮತ್ತೆ ನೋಡಿದಾಗ. 1967ರ ಜನವರಿಯಲ್ಲಿ ಬಂದ ಕಂತು, ಹೆಸರು ಅರೀನಾ. ನೋಡಿದವರು ಯಾರೂ ಮರೆಯೋದಿಲ್ಲ. ಎರಡು ಕಾಲಿನ ಮೇಲೆ ನಡೆಯುವ ಒಂದು ದೈತ್ಯ ಹಲ್ಲಿ, ಗಾರ್ನ್ ಅಂತ. ರಬ್ಬರ್ ಉಡುಪಿನೊಳಗಿರುವ ಮನುಷ್ಯ ಬಿಸಿಲಲ್ಲಿ ಬೇಯ್ತಾ ಇದ್ದಾನೆ ಅಂತ ನಮಗೂ ಕಾಣುತ್ತೆ. ಅವನೂ ಕ್ಯಾಪ್ಟನ್ ಕರ್ಕೂ ಲಾಸ್ ಏಂಜಲೀಸ್ ಹತ್ತಿರದ ವಾಸ್ಕೆಸ್ ಬಂಡೆಗಳ ಮಧ್ಯೆ ಹೊಡೆದಾಡ್ತಾರೆ. ಎಷ್ಟು ನಿಧಾನ ಅಂದ್ರೆ, ಹಲ್ಲಿ ಒಂದು ಏಟು ಹಾಕೋದರೊಳಗೆ ನೀವು ಹೋಗಿ ಕಾಫಿ ತಗೊಂಡು ಬರಬಹುದು. ಟಿವಿ ಇತಿಹಾಸದ ಅತ್ಯಂತ ಹಾಸ್ಯಾಸ್ಪದ ಫೈಟ್ ಯಾವುದು ಅಂದ್ರೆ ನನ್ನ ಓಟು ಇದಕ್ಕೇ.

ಕಥೆ ಕೇಳಿ ಈಗ. ದೂರದ ಒಂದು ಗ್ರಹದಲ್ಲಿ ಮನುಷ್ಯರ ವಸಾಹತು. ಗಾರ್ನ್‌ಗಳು ಅದನ್ನ ನಾಶ ಮಾಡ್ತಾರೆ. ಹೆಂಗಸರು ಮಕ್ಕಳು ಅಂತ ನೋಡದೆ ಕೊಂದಿದ್ದಾರೆ. ಕರ್ಕ್ ಕೆಂಡವಾಗ್ತಾನೆ. ಇವರನ್ನ ಬಿಡಬಾರದು, ಅಟ್ಟಿಸಿಕೊಂಡು ಹೋಗಿ ಮುಗಿಸಲೇಬೇಕು ಅಂತ ಹೊರಡ್ತಾನೆ. ಸ್ಪಾಕ್ ಒಬ್ಬ ಮಾತ್ರ, ಸ್ವಲ್ಪ ಯೋಚಿಸೋಣವಾ ಅಂತ ಕೇಳಿ ಬೈಸಿಕೊಳ್ತಾನೆ. ದಾರಿಯಲ್ಲಿ ಮೂರನೆಯವರು, ಇವರಿಬ್ಬರಿಗಿಂತ ಬಲಶಾಲಿಗಳು, ಎರಡೂ ಹಡಗು ನಿಲ್ಲಿಸಿ ಇಬ್ಬರು ಕ್ಯಾಪ್ಟನ್‌ಗಳನ್ನ ಬರಿಗೈಯಲ್ಲಿ ಒಂದು ಬಂಡೆ ಲೋಕಕ್ಕೆ ಇಳಿಸ್ತಾರೆ. ಸೋತವನ ಹಡಗು ಸರ್ವನಾಶ. ಕರ್ಕ್ ಅಲ್ಲೇ ಸಿಕ್ಕ ಗಂಧಕ, ಇದ್ದಿಲು, ಪೆಟ್ಲುಪ್ಪು ಕಲೆಸಿ, ಬಿದಿರಿನಂಥ ಕೊಳವೆಗೆ ತುಂಬಿ ಫಿರಂಗಿ ಮಾಡಿ ಹಲ್ಲಿಯನ್ನ ಕೆಡವ್ತಾನೆ.

ಆದರೆ ಹೊಡೆದಾಟದ ನಡುವೆ ಆ ಹಲ್ಲಿ ಒಂದು ಮಾತು ಹೇಳಿರುತ್ತೆ. ನೀವು ಬಂದು ಕೂತಿದ್ದು ನಮ್ಮ ಜಾಗದಲ್ಲಿ, ನಮ್ಮ ಮೇಲೆ ದಾಳಿಗೆ ಬಂದವರು ನೀವು ಅಂತ ನಾವಂದುಕೊಂಡ್ವಿ ಅಂತ. ಮೇಲೆ ಹಡಗಿನಲ್ಲಿ ಪರದೆ ಮೇಲೆ ಇದನ್ನ ನೋಡ್ತಿದ್ದ ಡಾಕ್ಟರಿಗೆ ಅನುಮಾನ ಬರುತ್ತೆ, ತಪ್ಪು ನಮ್ಮದೇ ಇರಬಹುದಲ್ವಾ? ಕೆಳಗೆ ಚೂರಿ ಹಿಡಿದು ಹಲ್ಲಿಯ ಕತ್ತಿನ ಮೇಲೆ ನಿಂತ ಕರ್ಕ್‌ಗೂ ಅದೇ ಅನುಮಾನ. ಕೈ ನಿಲ್ಲುತ್ತೆ. ಕೊಲ್ಲೋದಿಲ್ಲ ಅಂತ ಆಕಾಶ ನೋಡಿ ಕೂಗ್ತಾನೆ.

ಇದರ ಮೂಲ ಫ್ರೆಡ್ರಿಕ್ ಬ್ರೌನ್ ಅನ್ನುವ ಲೇಖಕರ ಒಂದು ಸಣ್ಣ ಕಥೆ. 1944ರಲ್ಲಿ, ಮಹಾಯುದ್ಧದ ನಡುವೆ ಪ್ರಕಟವಾಗಿದ್ದು. ಅದರಲ್ಲಿ ನಾಯಕ ಶತ್ರುವನ್ನ ಕೊಲ್ತಾನೆ, ಶತ್ರುವಿನ ಇಡೀ ಸೈನ್ಯ ನಾಶವಾಗುತ್ತೆ, ಕಥೆ ಮುಗಿಯಿತು. ಟಿವಿಗೆ ಬಂದಾಗ ಮುಕ್ತಾಯ ಬದಲಾಯ್ತು. ಯಾವಾಗ? ವಿಯೆಟ್ನಾಂನಲ್ಲಿ ಲಕ್ಷಾಂತರ ಅಮೆರಿಕನ್ ಸೈನಿಕರಿದ್ದಾಗ. ಅದೇ ಟಿವಿಯ ಸಂಜೆ ವಾರ್ತೆಯಲ್ಲಿ ಹೆಲಿಕಾಪ್ಟರು, ಬಾಂಬು, ಎಷ್ಟು ಶತ್ರುಗಳು ಸತ್ತರು ಅನ್ನೋ ಲೆಕ್ಕ. ವಾರ್ತೆ ಕೇಳಲಾರದ ಪ್ರಶ್ನೆಯನ್ನ ರಬ್ಬರ್ ಹಲ್ಲಿ ಕೇಳಿತು.

ನನಗೆ ಈ ಕಂತು ಕಚಗುಳಿ ಇಡೋದು ಅಲ್ಲೇ. ಈಗ ನಮ್ಮ ನ್ಯೂಸ್ ಸ್ಟುಡಿಯೋಗಳನ್ನ ನೋಡಿ. ಗಡಿಯಲ್ಲಿ ಒಂದು ಗುಂಡು ಹಾರಿದರೆ ಆಂಕರ್ ತಲೆಯ ಮೇಲೆ ಯುದ್ಧವಿಮಾನ ಹಾರುತ್ತೆ. ಟ್ಯಾಂಕು ಸ್ಟುಡಿಯೋ ನೆಲ ಸೀಳಿಕೊಂಡು ಬರುತ್ತೆ. ಆ ಒಂದು ದಿನದ ಗ್ರಾಫಿಕ್ಸ್ ಕಂಡಿದ್ದರೆ ಸ್ಟಾರ್ ಟ್ರೆಕ್ ತಂಡದವರು ಬಾಯಿ ಬಿಟ್ಟುಕೊಂಡು ನಿಲ್ಲೋರು. ಎಂಟು ಕಿಟಕಿಗಳಲ್ಲಿ ಎಂಟು ಜನ ಏಕಕಾಲಕ್ಕೆ ಕೂಗ್ತಾರೆ. ಕೂಗುವವರಲ್ಲಿ ಒಬ್ಬ ಸ್ಪಾಕ್ ಕೂರಿಸೋಕೆ ಒಂಬತ್ತನೇ ಕಿಟಕಿ ಸಿಗೋದಿಲ್ಲ.

ಸ್ಪಾಕ್ ಬಗ್ಗೆ ಹೇಳದೆ ಮುಂದೆ ಹೋದರೆ ನೀವು ಬಿಡೋದಿಲ್ಲ. ಚೂಪು ಕಿವಿ, ಏರಿದ ಹುಬ್ಬು, ಅಪ್ಪ ಬೇರೆ ಗ್ರಹದವನು, ಅಮ್ಮ ಭೂಮಿಯವಳು. ಕೋಪತಾಪ ತೋರಿಸದ ವಲ್ಕನ್. ಆ ಪಾತ್ರ ಮಾಡಿದ ಲಿಯೋನಾರ್ಡ್ ನಿಮೋಯ್ ನಿರ್ದೇಶಕರು ಹೇಳಿದ್ದಷ್ಟೇ ಮಾಡಿ ಸುಮ್ಮನಿರುವ ಆಸಾಮಿ ಆಗಿರಲಿಲ್ಲ. ಒಂದು ಕಂತಿನಲ್ಲಿ ಶತ್ರುವಿನ ತಲೆಗೆ ಹಿಂದಿನಿಂದ ಹೊಡಿ ಅಂತ ಬರೆದಿದ್ರು. ಇಷ್ಟು ತರ್ಕಬದ್ಧ ಮನುಷ್ಯ ರೌಡಿಯ ಹಾಗೆ ಹೊಡೀತಾನಾ ಅಂತ ಇವರು ಕೇಳಿದ್ರು. ಬದಲಿಗೆ ಕತ್ತು ಮತ್ತು ಭುಜ ಸೇರುವಲ್ಲಿ ಮೆಲ್ಲಗೆ ಚಿವುಟಿ ಬೀಳಿಸೋದನ್ನ ತಾವೇ ಕಂಡುಹಿಡಿದ್ರು. ನಮ್ಮ ಶಾಲೆಯಲ್ಲಿ ಸೋಮವಾರ ಬೆಳಿಗ್ಗೆ ಎಷ್ಟು ಕತ್ತುಗಳು ಕೆಂಪಾಗಿರ್ತಿದ್ವು ಅಂತ ಕೇಳಬೇಡಿ. ಅಂಗೈ ಎತ್ತಿ, ಬೆರಳುಗಳನ್ನ ಎರಡೆರಡು ಜೋಡಿ ಮಾಡಿ ತೋರಿಸುವ ವಲ್ಕನ್ ನಮಸ್ಕಾರ ಇದೆಯಲ್ಲ, ಅದೂ ನಿಮೋಯ್ ಅವರದ್ದೇ. ಯಹೂದಿ ಮನೆತನದ ಹುಡುಗನಾಗಿ ಬಾಸ್ಟನ್‌ನ ಪ್ರಾರ್ಥನಾಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಕೈ ಹಾಗೆ ಹಿಡಿಯೋದನ್ನ ಕದ್ದು ನೋಡಿದ್ದರು. ಆಗ ತಲೆ ತಗ್ಗಿಸಿ ಕಣ್ಣು ಮುಚ್ಚಿರಬೇಕು ಅನ್ನೋದು ನಿಯಮ. ಹುಡುಗ ಕಣ್ಣು ಬಿಟ್ಟಿದ್ದ!

ಇನ್ನು ಹಡಗಿನ ಮುಖ್ಯ ಕೋಣೆಯಲ್ಲಿ ಯಾರ್ಯಾರು ಕೂತಿದ್ದರು ಅಂತ ನೋಡೋಣ. ಚಿಕ್ಕಂದಿನಲ್ಲಿ ನಮಗೆ ಅವರೆಲ್ಲ ಬರೀ ಫಾರಿನ್ನಿನವರು. ಆದರೆ ಆ ಕಾಲದ ಅಮೆರಿಕದ ಪ್ರೇಕ್ಷಕನ ಕಣ್ಣಲ್ಲಿ ನೋಡಿ. ಹಡಗು ನಡೆಸುವ ಸುಲು ಏಷ್ಯಾದ ಮುಖ. ಆ ಪಾತ್ರ ಮಾಡಿದ ಜಾರ್ಜ್ ಟಾಕೆ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲೇ. ಆದರೂ ಮಹಾಯುದ್ಧದಲ್ಲಿ ಜಪಾನ್ ಮೂಲದವರು ಅನ್ನುವ ಒಂದೇ ಕಾರಣಕ್ಕೆ ಅವರ ಕುಟುಂಬವನ್ನ ಅಮೆರಿಕ ಸರ್ಕಾರ ಮುಳ್ಳುತಂತಿ ಬೇಲಿಯೊಳಗೆ ಇಟ್ಟಿತ್ತು. ಬಂಧನ ಶಿಬಿರಕ್ಕೆ ಕಳಿಸುವ ಮುಂಚೆ ರೇಸ್ ಕೋರ್ಸಿನ ಕುದುರೆ ಲಾಯದಲ್ಲಿ. ಆಗ ಮಗುವಿಗೆ ಐದು ವರ್ಷ. ಎರಡನೇ ಸೀಸನ್‌ನಿಂದ ಅವರ ಪಕ್ಕದ ಸೀಟಿಗೆ ಬಂದ ಚೆಕೊವ್ ರಷ್ಯನ್. ಅಮೆರಿಕ ಮತ್ತು ರಷ್ಯಾ ಒಬ್ಬರ ಮೇಲೊಬ್ಬರು ಅಣುಬಾಂಬ್ ಗುರಿಯಿಟ್ಟು ಕೂತಿದ್ದ ಕಾಲ ಅದು. ಎಂಜಿನ್ ನೋಡಿಕೊಳ್ಳುವ ಸ್ಕಾಟಿ ಆಗಿದ್ದ ಜೇಮ್ಸ್ ಡೂಹನ್ ಕೆನಡಾದ ಸೈನಿಕರಾಗಿ 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರಕ್ಕೆ ಇಳಿದವರು. ಅವತ್ತು ಗುಂಡೇಟಿಗೆ ಬಲಗೈಯ ಮಧ್ಯದ ಬೆರಳು ಹೋಯಿತು. ಕ್ಯಾಮೆರಾ ಮುಂದೆ ಆ ಕೈಯನ್ನ ಆದಷ್ಟು ಮರೆಮಾಡೋರು. ಇನ್ನೊಂದು ಸಲ ನೋಡುವಾಗ ಗಮನಿಸಿ.

ಮತ್ತೆ ಉಹುರಾ. ಸಂಪರ್ಕ ವಿಭಾಗದ ಅಧಿಕಾರಿ, ಕಪ್ಪು ವರ್ಣದ ಹೆಣ್ಣುಮಗಳು. ಟಿವಿಯಲ್ಲಿ ಕಪ್ಪು ಹೆಂಗಸು ಕಂಡರೆ ಅದು ಮನೆಗೆಲಸದವಳ ಪಾತ್ರ ಅಂತ ಎಲ್ಲರೂ ಅಂದುಕೊಳ್ತಿದ್ದ ದಿನಗಳಲ್ಲಿ ನಿಶೆಲ್ ನಿಕೋಲ್ಸ್ ಅಧಿಕಾರಿಯ ಕುರ್ಚಿಯಲ್ಲಿ ಕೂತಿದ್ರು. ಮಾತು ಕಡಿಮೆ, ಅವಕಾಶ ಕಡಿಮೆ ಅಂತ ಮೊದಲ ಸೀಸನ್ ಮುಗಿದಾಗ ಬಿಟ್ಟುಹೋಗೋಕೆ ನಿರ್ಧಾರ ಮಾಡಿದ್ರು. ಆ ವಾರಾಂತ್ಯ ಒಂದು ಸಮಾರಂಭದಲ್ಲಿ ಒಬ್ಬ ಅಭಿಮಾನಿ ನಿಮ್ಮನ್ನ ನೋಡಬೇಕಂತೆ ಅಂತ ಯಾರೋ ಬಂದು ಹೇಳಿದ್ರು. ತಿರುಗಿ ನೋಡಿದರೆ ಮಾರ್ಟಿನ್ ಲೂಥರ್ ಕಿಂಗ್. ಕೆಲಸ ಬಿಡ್ತಾ ಇದೀನಿ ಅಂದಾಗ ಕಿಂಗ್ ಬೇಡವೇ ಬೇಡ ಅಂದರಂತೆ. ನಾವು ಹೇಗಿರಬೇಕೋ ಹಾಗೆ ಮೊದಲ ಬಾರಿಗೆ ಜಗತ್ತು ನಮ್ಮನ್ನ ನೋಡ್ತಾ ಇದೆ ಅನ್ನೋದು ಅವರ ಮಾತಿನ ಸಾರ. ಇದನ್ನ ನಿಕೋಲ್ಸ್ ಬದುಕಿರೋವರೆಗೂ ಹೇಳ್ತಾ ಇದ್ರು. ಅವರು ಉಳಿದ್ರು.

ಉಳಿದಿದ್ದರಿಂದ ಏನಾಯ್ತು? 1968ರ ನವೆಂಬರ್‌ನಲ್ಲಿ ಬಂದ ಒಂದು ಕಂತಿನಲ್ಲಿ ಕರ್ಕ್ ಉಹುರಾಗೆ ಮುತ್ತು ಕೊಡ್ತಾನೆ. ಅದೂ ಇಷ್ಟಪಟ್ಟಲ್ಲ, ಅನ್ಯಗ್ರಹದವರು ಮನೋಬಲದಿಂದ ಇವರನ್ನ ಬೊಂಬೆಯ ಹಾಗೆ ಆಡಿಸ್ತಾ ಇರ್ತಾರೆ. ಟಿವಿಯಲ್ಲಿ ಇಂಥದ್ದು ಇದೇ ಮೊದಲಾ ಅನ್ನೋ ಬಗ್ಗೆ ವಾದಗಳಿವೆ, ಆ ತಗಾದೆ ಬೇಡ. ಒಂದು ಸಂಗತಿ ಮಾತ್ರ ನೆನಪಿಡಿ. ಕಪ್ಪು ಬಿಳಿಯರ ನಡುವಿನ ಮದುವೆ ಹದಿನಾರು ರಾಜ್ಯಗಳಲ್ಲಿ ಅಪರಾಧ ಆಗಿತ್ತು. ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನ ರದ್ದು ಮಾಡಿದ್ದು 1967ರ ಜೂನ್‌ನಲ್ಲಿ, ಈ ಕಂತಿಗೆ ಬರೀ ಒಂದೂವರೆ ವರ್ಷ ಮೊದಲು. ದಕ್ಷಿಣದ ಕೇಂದ್ರಗಳು ಗಲಾಟೆ ಮಾಡಿದರೆ ಅಂತ ಹೆದರಿದ ಚಾನೆಲ್‌ನವರು ಮುತ್ತು ಇಲ್ಲದ ಇನ್ನೊಂದು ಶಾಟ್ ತೆಗೀರಿ ಅಂದ್ರು. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಆ ಶಾಟ್‌ನಲ್ಲಿ ಬೇಕಂತಲೇ ಮೆಳ್ಳೆಗಣ್ಣು ಮಾಡಿ ಅದನ್ನ ಕೆಡಿಸಿಹಾಕಿದ್ರು ಅಂತ ನಿಕೋಲ್ಸ್ ನೆನಪಿಸಿಕೊಂಡಿದ್ದಾರೆ.

ಅದರ ಮುಂದಿನ ಜನವರಿಯ ಒಂದು ಕಂತು ನಮ್ಮೂರಿನಲ್ಲೇ ಬರೆದ ಹಾಗಿದೆ. ಇಬ್ಬರು ಬರ್ತಾರೆ. ಇಬ್ಬರ ಮುಖವೂ ಅರ್ಧ ಕಪ್ಪು, ಅರ್ಧ ಬಿಳಿ, ನಡುವೆ ಗೆರೆ ಎಳೆದ ಹಾಗೆ. ಒಬ್ಬ ಇನ್ನೊಬ್ಬನನ್ನ ಕೀಳು ಜಾತಿಯ ದ್ರೋಹಿ ಅಂತ ಸಾವಿರಾರು ವರ್ಷಗಳಿಂದ ಅಟ್ಟಿಸಿಕೊಂಡು ಬಂದಿದ್ದಾನೆ. ಕರ್ಕ್‌ಗೆ ಅರ್ಥವಾಗಲ್ಲ, ನೀವಿಬ್ಬರೂ ಒಂದೇ ಥರ ಇದ್ದೀರಲ್ಲಾ ಅಂತಾನೆ. ಅಟ್ಟಿಸಿಕೊಂಡು ಬಂದವನಿಗೆ ಮೈಯೆಲ್ಲ ಉರಿಯುತ್ತೆ. ಕಣ್ಣಿಲ್ವಾ ನಿಮಗೆ? ನನ್ನ ಬಲಗಡೆ ಕಪ್ಪು, ಅವನ ಬಲಗಡೆ ಬಿಳಿ! ಇದನ್ನ ನೋಡಿದ ಅಮೆರಿಕದವರಿಗೆ ಇದು ರೂಪಕ. ಒಂದೇ ಊರಿನ ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟ ದೇಶದವರಿಗೆ ಇದು ರೂಪಕ ಅನ್ನಿಸೋದಿಲ್ಲ. ನಮ್ಮಲ್ಲಂತೂ ಅರ್ಧ ಕಪ್ಪು ಅರ್ಧ ಬಿಳಿ ಅನ್ನುವ ಗುರುತೂ ಬೇಕಾಗಿಲ್ಲ, ಹೆಸರು ಕೇಳಿ, ಮನೆ ಯಾವ ಬೀದಿ ಅಂತ ಕೇಳಿದರೆ ಮುಗಿಯಿತು. ಕೊನೆಗೆ ಇಬ್ಬರೂ ತಮ್ಮ ಗ್ರಹಕ್ಕೆ ಬರ್ತಾರೆ. ಅಲ್ಲಿ ಒಬ್ಬರಿಗೊಬ್ಬರು ಹೊಡೆದಾಡಿಕೊಂಡು ಎಲ್ಲರೂ ಸತ್ತುಹೋಗಿದ್ದಾರೆ. ಆಗಲಾದರೂ ಬಿಡ್ತಾರಾ? ಸುಟ್ಟ ಊರಿನ ನಡುವೆ ಒಬ್ಬ ಓಡ್ತಾನೆ, ಒಬ್ಬ ಅಟ್ಟಿಸ್ತಾನೆ.

ಹಾಗಂತ ಇದನ್ನ ವೇದ ಮಾಡೋದು ಬೇಡ. ಪ್ರಗತಿಪರ ಅಂತ ಹೊಗಳುವಾಗ ಆ ಹಡಗಿನ ಹೆಣ್ಣುಮಕ್ಕಳ ಮಿನಿಸ್ಕರ್ಟ್ ಕಡೆ ನೋಡಿ. ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಮಾಡಿದ ಮೊದಲ ಮಾದರಿ ಕಂತಿನಲ್ಲಿ ಹಡಗಿನ ಎರಡನೇ ಸ್ಥಾನ ಒಬ್ಬ ಹೆಣ್ಣುಮಗಳದ್ದು. ಆ ಕಂತನ್ನ ಚಾನೆಲ್‌ನವರು ತಲೆಗೆ ಜಾಸ್ತಿ ಕೆಲಸ ಕೊಡುತ್ತೆ ಅಂತ ತಿರಸ್ಕರಿಸಿದ್ರು. ಎರಡನೇ ಮಾದರಿಗೆ ಬರೋಷ್ಟರಲ್ಲಿ ಆಕೆ ನಾಪತ್ತೆ. ಅದೇ ನಟಿ ಆಮೇಲೆ ನರ್ಸ್ ಆಗಿ ವಾಪಸ್ ಬಂದ್ರು! ಇಡೀ ಧಾರಾವಾಹಿಯ ಕೊನೆಯ ಕಂತಿನ ಕಥೆಯೇ ಹೆಂಗಸರಿಗೆ ಕ್ಯಾಪ್ಟನ್ ಪಟ್ಟ ಇಲ್ಲ ಅನ್ನೋದರ ಮೇಲೆ ನಿಂತಿದೆ. ತಮಾಷೆ ಏನಂದ್ರೆ ಈ ಧಾರಾವಾಹಿ ಸಾಧ್ಯವಾಗಿದ್ದೇ ಒಬ್ಬ ಹೆಣ್ಣುಮಗಳಿಂದ. ಲೂಸಿಲ್ ಬಾಲ್, ದೊಡ್ಡ ಹಾಸ್ಯನಟಿ. ಇದನ್ನ ನಿರ್ಮಿಸಿದ ದೇಸಿಲು ಸ್ಟುಡಿಯೋ ಅವರದ್ದು.

ಭಾರತದ ಲೆಕ್ಕವೂ ಸ್ವಲ್ಪ ಹೀಗೇ. 1967ರ ಒಂದು ಕಂತಿನಲ್ಲಿ ಖಾನ್ ನೂನಿಯೆನ್ ಸಿಂಗ್ ಅಂತ ಒಬ್ಬ ಖಳನಾಯಕ ಬರ್ತಾನೆ. ಉತ್ತರ ಭಾರತದವನು, ಬಹುಶಃ ಸಿಖ್ ಅಂತ ಹಡಗಿನವರು ಊಹಿಸ್ತಾರೆ. ಖಾನ್ ಅಂತೆ, ಸಿಂಗ್ ಅಂತೆ, ನಡುವೆ ನೂನಿಯೆನ್ ಅಂತೆ! ನಟ ಮೆಕ್ಸಿಕೋದ ರಿಕಾರ್ಡೋ ಮೊಂಟಲ್ಬಾನ್. ಗಡ್ಡ ಇಲ್ಲ, ಪೇಟ ಒಂದು ಚಿತ್ರಪಟದಲ್ಲಿ ಮಾತ್ರ. ಆದರೆ ಪಾತ್ರ ಎಂಥ ಖದರಿನದ್ದು ಅಂದ್ರೆ 1982ರಲ್ಲಿ ಅವನಿಗಾಗಿಯೇ ಒಂದು ಇಡೀ ಸಿನಿಮಾ ಮಾಡಿದ್ರು. ಅದಕ್ಕೂ ಮೊದಲು, 1979ರ ಮೊದಲ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ತಲೆ ಬೋಳಿಸಿಕೊಂಡು ನಟಿಸಿದ್ದು ನಮ್ಮ ಮುಂಬೈನ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ.

ಧಾರಾವಾಹಿ ಬದುಕಿದ್ದು ಪ್ರೇಕ್ಷಕರ ಪತ್ರಗಳಿಂದ. ಎರಡನೇ ಸೀಸನ್‌ನಲ್ಲಿ ನಿಲ್ಲಿಸ್ತಾರಂತೆ ಅನ್ನೋ ಸುದ್ದಿ ಬಂದಾಗ ಬಿಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ದೇಶದಾದ್ಯಂತ ಪತ್ರ ಚಳವಳಿ ನಡೆಸಿದ್ರು. ಚೀಲಗಟ್ಟಲೆ ಪತ್ರ. 1968ರ ಮಾರ್ಚ್ 1ರಂದು ಚಾನೆಲ್‌ನವರು ಕಂತಿನ ಕೊನೆಯಲ್ಲೇ ಘೋಷಣೆ ಮಾಡಬೇಕಾಯ್ತು: ಸ್ಟಾರ್ ಟ್ರೆಕ್ ಮುಂದುವರಿಯುತ್ತೆ, ದಯವಿಟ್ಟು ಪತ್ರ ನಿಲ್ಲಿಸಿ! ಮುಂದುವರಿಸಿದ್ರು ನಿಜ, ಆದರೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿದ್ರು, ಬಜೆಟ್ಟೂ ಕತ್ತರಿಸಿದ್ರು. ನೋಡುವ ಹುಡುಗರೆಲ್ಲ ಆ ಹೊತ್ತಿಗೆ ಮನೆಯಲ್ಲೇ ಇರೋದಿಲ್ಲ. ಟಿವಿಯಲ್ಲಿ ಒಂದು ಕಾರ್ಯಕ್ರಮವನ್ನ ಸಾಯಿಸೋ ರೀತಿ ಅಂದಿಗೂ ಇಂದಿಗೂ ಒಂದೇ. 1969ರ ಜೂನ್ 3ಕ್ಕೆ ಕೊನೆಯ ಕಂತು. ಸರಿಯಾಗಿ 47 ದಿನ ಆದಮೇಲೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಆಮೇಲೆ ಸಣ್ಣಪುಟ್ಟ ಸ್ಥಳೀಯ ಚಾನೆಲ್‌ಗಳು ಹಳೇ ಕಂತುಗಳನ್ನ ಸಂಜೆ ಹೊತ್ತು ಮರುಪ್ರಸಾರ ಮಾಡಿದಾಗ ಜನ ಮುಗಿಬಿದ್ರು. ಸತ್ತ ಮೇಲೆ ಬೆಳೆದ ಧಾರಾವಾಹಿ ಇದು.

1976ರಲ್ಲಿ ನಾಸಾ ತನ್ನ ಮೊದಲ ಸ್ಪೇಸ್ ಶಟಲ್‌ಗೆ ಬೇರೆ ಹೆಸರು ಇಡೋದರಲ್ಲಿತ್ತು. ಅಭಿಮಾನಿಗಳು ಮತ್ತೆ ಪತ್ರ ಬರೆದು ಎಂಟರ್‌ಪ್ರೈಸ್ ಅಂತ ಇಡಿಸಿದ್ರು. ಪಾಪ, ಅದು ಬರೀ ಪರೀಕ್ಷೆಗೆ ಕಟ್ಟಿದ ಶಟಲ್, ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. ಅದಕ್ಕಿಂತ ಕೆಲಸಕ್ಕೆ ಬಂದಿದ್ದು ನಾಸಾದ ಇನ್ನೊಂದು ನಿರ್ಧಾರ. 1977ರಲ್ಲಿ ಹೆಣ್ಣುಮಕ್ಕಳನ್ನೂ ಕಪ್ಪು ವರ್ಣೀಯರನ್ನೂ ಗಗನಯಾತ್ರಿಗಳಾಗೋಕೆ ಅರ್ಜಿ ಹಾಕಿ ಅಂತ ಕರೆಯೋಕೆ ಅವರು ಆರಿಸಿದ್ದು ನಿಶೆಲ್ ನಿಕೋಲ್ಸ್ ಅವರನ್ನ. ಆಕೆ ದೇಶವೆಲ್ಲ ತಿರುಗಿದ್ರು. 1978ರಲ್ಲಿ ಆಯ್ಕೆಯಾದ ತಂಡದಲ್ಲಿ ಸ್ಯಾಲಿ ರೈಡ್ ಇದ್ರು, ಗಯಾನ್ ಬ್ಲೂಫೋರ್ಡ್ ಇದ್ರು. ಶಿಕಾಗೋದಲ್ಲಿ ಉಹುರಾಳನ್ನ ನೋಡ್ತಾ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದ್ರು. ಮರುವರ್ಷ ಸ್ಟಾರ್ ಟ್ರೆಕ್‌ನ ಹೊಸ ಸರಣಿಯ ಒಂದು ಕಂತಿನಲ್ಲಿ ಪುಟ್ಟ ಪಾತ್ರವನ್ನೂ ಮಾಡಿದ್ರು. ಮೊಬೈಲ್ ಫೋನ್ ಹುಟ್ಟಿದ್ದೇ ಸ್ಟಾರ್ ಟ್ರೆಕ್ ನೋಡಿ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಕಥೆಗಳ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಜೆಮಿಸನ್ ಕಥೆ ಸಾಕು.

ನೋಡಬೇಕು ಅನ್ನಿಸಿದರೆ ಎಲ್ಲಿಂದ ಶುರು ಮಾಡೋದು? ಮನೆಯಲ್ಲಿ ಮಕ್ಕಳಿದ್ದರೆ ಟ್ರಿಬಲ್‌ಗಳ ಕಂತು ಹಾಕಿ. ಮುದ್ದಾದ ತುಪ್ಪಳದ ಉಂಡೆಗಳು ತಿಂದು ತಿಂದು ಮರಿ ಹಾಕ್ತಾ ಇಡೀ ಹಡಗು ತುಂಬಿಕೊಳ್ತವೆ, ಕಣಜದ ಬಾಗಿಲು ತೆಗೆದ ಕ್ಯಾಪ್ಟನ್ ಕತ್ತಿನವರೆಗೆ ಹೂತುಹೋಗ್ತಾನೆ. ಆಮೇಲೆ ಹಲ್ಲಿಯ ಕಂತು, ಮೊದಲ ಇಪ್ಪತ್ತು ನಿಮಿಷ ನಕ್ಕುಬಿಡಿ, ತಡೆಯೋಕೆ ಹೋಗಬೇಡಿ. ಅರ್ಧ ಮುಖದವರ ಕಂತು ಮೂರನೆಯದು. ಸ್ಪಾಕ್‌ನ ಮಿದುಳು ಕಳ್ಳತನವಾಗಿ, ಡಾಕ್ಟರು ಅವನ ದೇಹವನ್ನ ರಿಮೋಟ್ ಒತ್ತಿ ನಡೆಸುವ ಒಂದು ಕಂತಿದೆ, ಮೂರನೇ ಸೀಸನ್‌ನ ಮೊದಲನೆಯದು. ಎಲ್ಲದರಲ್ಲಿ ಕೆಟ್ಟದ್ದು ಇದೇ ಅಂತ ಅಭಿಮಾನಿಗಳೇ ಆಡಿಕೊಳ್ತಾರೆ. ಅದನ್ನ ಒಬ್ಬರೇ ನೋಡಬೇಡಿ. ಭಾನುವಾರ ಮನೆಮಂದಿ ಎಲ್ಲ ಸೇರಿದಾಗ, ಒಂದು ದೊಡ್ಡ ಬೇಸನ್ ಚುರುಮುರಿ ಕಲೆಸಿಟ್ಟುಕೊಂಡು ನೋಡಿ.